ಕಿವಿಯಿಲ್ಲದ ಯಂತ್ರಕ್ಕೊಂದು ಪೊಟೆನ್ಶಿಯೋಮೀಟರ್

ರೇಡಿಯೋ ಅತ್ತೆ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅತ್ತೆ ಎಂದು ಕರೆಯಬೇಕಾದವಳು ಸೊಸೆಯೊಬ್ಬಳೇ, ಆದರೆ ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿತ್ತು. ಗಂಡ ಹಾಸಿಗೆ ಹಿಡಿದ ವರ್ಷ ಅವನ ರಿಪೇರಿ ಅಂಗಡಿಯ ಬಾಗಿಲನ್ನು ತಾನೇ ತೆಗೆದವಳು ಅವಳು. ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ಗಂಡ ಮಲಗಿದಲ್ಲಿಂದಲೇ "ಆ ಕೆಂಪು ತಂತಿ ಬಿಡೇ, ಪಕ್ಕದ್ದು ಹಿಡಿ" ಎಂದು ಕೂಗುತ್ತಿದ್ದ. ಇವಳು ಬೆರಳು ಸುಟ್ಟುಕೊಂಡು ಕಲಿಯುತ್ತಿದ್ದಳು. ಅವನು ಹೋದ ಮೇಲೂ ಬೆಸುಗೆ ಕಡ್ಡಿ ತಣ್ಣಗಾಗಲಿಲ್ಲ. ರೇಡಿಯೋ ಗರಗರ ಎಂದರೆ ಇಂಥ ಕಾಯಿಲೆ, ಕೀಂ ಎಂದರೆ ಇಂಥದ್ದು ಎಂದು ಮುಚ್ಚಳ ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದಳು. ಮೀಟರು ಒಂದಿತ್ತು, ಅದಕ್ಕೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದಳು. "ಕಿವಿ ಇರೋರಿಗೆ ಮೀಟರ್ ಯಾಕೆ?" ಅನ್ನುವಳು. ಆ ಜಂಬ ದುಡಿದು ಸಂಪಾದಿಸಿದ್ದು, ಯಾರೂ ಅದಕ್ಕೆ ಮೂಗು ಮುರಿಯುತ್ತಿರಲಿಲ್ಲ.

ಸೊಸೆ ಊರಿಗೆ ನೀರು ಬಿಡುವ ಪಂಪ್‌ಹೌಸ್‌ನಲ್ಲಿ ಆಪರೇಟರ್. ಮೇಲಿನ ಟ್ಯಾಂಕಿನ ತಳದಲ್ಲಿ ಒಂದು ಸೆನ್ಸರ್ ಇತ್ತು. ತನ್ನ ಬಾಯಿಗೆ ಬೀಳುವ ನೀರಿನ ಒತ್ತಡ ಅಳೆದು, ನೀರು ಎಷ್ಟಿದೆಯೋ ಅದಕ್ಕೆ ತಕ್ಕಂತೆ ಸೊನ್ನೆಯಿಂದ ಹತ್ತು ವೋಲ್ಟಿನವರೆಗೆ ಕೆಳಗಿನ ಕಂಟ್ರೋಲರಿಗೆ ಕಳಿಸುತ್ತಿತ್ತು. ಕಂಟ್ರೋಲರ್ ಅದನ್ನು ಓದಿ ಸೊನ್ನೆಯಿಂದ ನೂರರವರೆಗೆ ಅಂಕಿ ತೋರಿಸಿ, ಪಂಪನ್ನು ನಡೆಸುತ್ತಿತ್ತು, ನಿಲ್ಲಿಸುತ್ತಿತ್ತು. ಹೋದ ವಾರ ಟ್ಯಾಂಕು ತುಂಬಿ ಪಕ್ಕದ ಓಣಿಗೆಲ್ಲ ನೀರು ಹರಿಯಿತು. ಕಂಟ್ರೋಲರ್ ಮಾತ್ರ ಐವತ್ತು ಎಂದು ತೋರಿಸುತ್ತ ಕೂತಿತ್ತು. ಸೆನ್ಸರ್ ಕೆಟ್ಟಿದೆ ಎಂದಳು ಸೊಸೆ. ಸೂಪರ್‌ವೈಸರ್ ಸೊಪ್ಪು ಹಾಕಲಿಲ್ಲ. "ನೀನೇ ಗುಂಡಿ ಒತ್ತಿ ಒತ್ತಿ ಕಂಟ್ರೋಲರ್ ಕೆಡಿಸಿದ್ದೀಯ" ಎಂದು ಕಾಗದ ಬರೆದಿಟ್ಟ. ಇವತ್ತು ಸಂಜೆ ಕಂಟ್ರೋಲರ್ ಬಿಚ್ಚಿ ತಯಾರಕರಿಗೆ ಕಳಿಸುವುದು, ಅದರ ಜೊತೆಗೇ ಆ ಕಾಗದ ಮೇಲಿನವರಿಗೆ. ಆಮೇಲೆ ಸೊಸೆಗೆ ಪಂಪ್‌ಹೌಸಿನ ಬಾಗಿಲು ಮುಚ್ಚಿದಂತೆಯೇ.

"ಸೆನ್ಸರ್ ತಂತಿ ತೆಗೀರಿ ಸಾಹೇಬ್ರೇ, ಅದರ ಜಾಗದಲ್ಲಿ ನಾನು ವೋಲ್ಟ್ ಕೊಡ್ತೀನಿ. ಕೊಟ್ಟಿದ್ದನ್ನ ಸರಿಯಾಗಿ ತೋರಿಸಿದ್ರೆ ಕಂಟ್ರೋಲರ್ ಗಟ್ಟಿಮುಟ್ಟಾಗಿದೆ ಅಂತ ತಾನೆ?" ಎಂದಳು ಅತ್ತೆ. ಬೆಳಗ್ಗೆಯೇ ಸೊಸೆಯ ಹಿಂದೆ ಚೀಲ ಹಿಡಿದು ಬಂದಿದ್ದಳು.

"ತೋರಿಸಮ್ಮ, ಅದೇನು ಪವಾಡ ಮಾಡ್ತೀಯೋ ನೋಡೋಣ" ಎಂದ ಸೂಪರ್‌ವೈಸರ್, ಕುರ್ಚಿ ಎಳೆದುಕೊಂಡು.

ಅತ್ತೆ ಚೀಲದಿಂದ ಒಂದು ಪೊಟೆನ್ಶಿಯೋಮೀಟರ್ ತೆಗೆದಳು. ಮೂರು ಕಾಲು, ಮೇಲೊಂದು ತಿರುಗುವ ಕಡ್ಡಿ. ಹಳೆಯ ರೇಡಿಯೋದಲ್ಲಿ ದನಿ ಏರಿಸುವ ಇಳಿಸುವ ತಿರುಪು ಅದೇ. ಸಾವಿರಾರು ಸಲ ಬೆರಳು ಹಿಡಿದ ವಸ್ತು. ಕಂಟ್ರೋಲರೇ ಒಂದು ತುದಿಯಲ್ಲಿ ಹತ್ತು ವೋಲ್ಟ್ ಕೊಡುತ್ತಿತ್ತು. ಅಕ್ಕಪಕ್ಕದ ಕಾಲುಗಳನ್ನು ಹತ್ತು ವೋಲ್ಟಿಗೂ ಸೊನ್ನೆಗೂ, ನಡುವಿನ ಕಾಲನ್ನು ಸೆನ್ಸರ್ ಇದ್ದ ಜಾಗಕ್ಕೂ ಸಿಕ್ಕಿಸಿದಳು. ಪೂರ್ತಿ ಎಡಕ್ಕೆ: ಸೊನ್ನೆ. ಪೂರ್ತಿ ಬಲಕ್ಕೆ: ನೂರು. ಸೊಸೆಯ ಮುಖ ಅರಳಿತು.

"ನಡೂಮಧ್ಯ ನಿಲ್ಲಿಸು. ಐವತ್ತು ಬರಬೇಕಲ್ವಾ?" ಎಂದ ಸೂಪರ್‌ವೈಸರ್.

ಅತ್ತೆ ತಿರುಪನ್ನು ಸರಿಯಾಗಿ ನಡುವೆ ನಿಲ್ಲಿಸಿದಳು. ಪರದೆಯ ಮೇಲೆ ಬಂದದ್ದು ಹದಿಮೂರು.

ಅತ್ತೆ ಕಣ್ಣುಜ್ಜಿಕೊಂಡಳು. ಮತ್ತೆ ತಿರುಗಿಸಿದಳು. ಮತ್ತೆ ಹದಿಮೂರು. ಸೂಪರ್‌ವೈಸರ್ ಹಲ್ಲು ಕಿಸಿದ. "ನಿಮ್ಮತ್ತೇನೇ ಸಾಕ್ಷಿ ಹೇಳಿದ್ರಲ್ಲಮ್ಮ! ನಾನು ವಕೀಲನ್ನ ಇಟ್ಕೊಂಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಸೊಸೆ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರಾಗುತ್ತಿತ್ತು. ಹೊಸಿಲು ದಾಟಿ ಒಳಗೆ ಬಂದ ಮೇಲೆ ಗೋಡೆ ಕಡೆ ತಿರುಗಿ ಕೇಳಿದಳು:

"ಅತ್ತೆ, ನಿಜವಾಗ್ಲೂ ನಾನೇ ಕೆಡಿಸಿದ್ದೀನಾ? ಒಂದ್ಸಲ ಗಡಿಯಾರದ ಟೈಮ್ ಸರಿಮಾಡೋಕೆ ಎರಡು ಗುಂಡಿ ಒತ್ತಿದ್ದೆ. ಅದರಿಂದ ಆಯ್ತೇನೋ."

ಅತ್ತೆ ಚೀಲ ಕೆಳಗಿಟ್ಟಳು. ಸೂಪರ್‌ವೈಸರ್ ಒಂದು ವಾರ ಕೂಗಾಡಿದರೂ ಅಲ್ಲಾಡದ ಹುಡುಗಿಯನ್ನು ತನ್ನ ಕೈಯ ಒಂದು ತಿರುಪು ಅಲ್ಲಾಡಿಸಿಬಿಟ್ಟಿತ್ತು. "ಸುಮ್ನಿರೇ, ಹುಚ್ಚಿ" ಎಂದವಳೇ ಮೇಜಿನ ಮುಂದೆ ಕೂತಳು. ಕಪಾಟಿನಿಂದ ಮೀಟರು ತೆಗೆದಳು, ಸುತ್ತಿದ ಬಟ್ಟೆ ಬಿಚ್ಚಿದಳು. ಸೊಸೆ ಬೆರಗಾಗಿ ತಿರುಗಿ ನೋಡಿದಳು.

ತಿರುಪನ್ನು ನಡುವೆ ನಿಲ್ಲಿಸಿ ಅಳೆದಾಗ ಗುಟ್ಟು ಬಯಲಾಯಿತು. ಕಡ್ಡಿ ಅರ್ಧ ತಿರುಗಿದ್ದರೂ ಒಳಗಿನ ರೋಧ ಅರ್ಧಕ್ಕೆ ಬಂದಿರಲಿಲ್ಲ, ನೂರರಲ್ಲಿ ಹದಿನೈದಕ್ಕೇ ನಿಂತಿತ್ತು. ಅತ್ತೆ ನಾಲಿಗೆ ಕಚ್ಚಿಕೊಂಡಳು. ಮನುಷ್ಯನ ಕಿವಿ ಸಣ್ಣ ದನಿಗೆ ಚುರುಕು, ದೊಡ್ಡ ದನಿಗೆ ಮೊಂಡು. ಅದಕ್ಕೇ ರೇಡಿಯೋದ ತಿರುಪನ್ನು ಮೊದಲರ್ಧದಲ್ಲಿ ನಿಧಾನವಾಗಿ, ಕೊನೆಯಲ್ಲಿ ದಡದಡನೆ ಏರುವಂತೆ ಮಾಡಿರುತ್ತಾರೆ. ಕಿವಿಗೆ ಅದು ಒಂದೇ ಸಮ. ಕಂಟ್ರೋಲರಿಗೆ ಕಿವಿಯೆಲ್ಲಿ?

"ನೋಡಿಲ್ಲಿ" ಎಂದು ಹಿಂಬದಿಯ ತಗಡು ತೋರಿಸಿದಳು. ಎ 100ಕೆ ಎಂದು ಒತ್ತಿತ್ತು; ನೂರು ಕೆ ಎಂದರೆ ನೂರು ಸಾವಿರ ಓಮ್ ರೋಧ. "ಈ ಎ ಅಂದ್ರೆ ಕಿವಿಗೆ ಮಾಡಿದ್ದು. ನಮಗೆ ಬೇಕಾದ್ದು ಬಿ, ಒಂದೇ ಸಮ ಏರೋದು. ಮೂವತ್ತು ವರ್ಷ ಎ ಹಾಕಿ ಹಾಕಿ ನನ್ನ ಕೈಗೆ ಬೇರೆ ಗೊತ್ತೇ ಇಲ್ಲ. ತಪ್ಪು ನಂದು, ನಿಂದಲ್ಲ."

ಆಮೇಲೆ ಡಬ್ಬಿ ಸುರಿದು ಬಿ ಹುಡುಕಿದಳು. ಬಿ ಗುರುತಿನದೇ ಒಂದು ನೂರು ಕೆ ಮೊದಲು ಕೈಗೆ ಬಂತು, ಪಕ್ಕಕ್ಕೆ ಸರಿಸಿದಳು. ಕಂಟ್ರೋಲರೂ ಒಂದು ಗುಟುಕು ಕರೆಂಟು ಕುಡಿಯುತ್ತದೆ. ಇಷ್ಟು ದೊಡ್ಡ ರೋಧದ ಮೂಲಕ ಕುಡಿಯಹೋದರೆ ಅಲ್ಲೇ ವೋಲ್ಟು ಕುಸಿಯುತ್ತದೆ, ಐವತ್ತರ ಜಾಗದಲ್ಲಿ ನಲವತ್ತು ಬಂದು ಕೂರುತ್ತದೆ. ಒಂದು ಕೆ ಸಿಕ್ಕಿತು. ಅದರ ರೋಧ ತೀರ ಸಣ್ಣದು, ಕರೆಂಟಿಗೆ ಹೊಟ್ಟೆಬಾಕ, ಹತ್ತು ವೋಲ್ಟ್ ಕೊಡುವ ಬಡಪಾಯಿ ತುದಿಯನ್ನೇ ಬಸವಳಿಸೀತು. ಕೊನೆಗೆ ಬಿ 10ಕೆ ಸಿಕ್ಕಿತು. ಎರಡು ಹನಿ ಎಣ್ಣೆ ಬಿಟ್ಟು, ಮೀಟರು ಹಿಡಿದು ಐದು ಕಡೆ ಅಳೆದಳು.

ಮಧ್ಯಾಹ್ನ ಇಬ್ಬರೂ ಮತ್ತೆ ಹೋದಾಗ ಸೂಪರ್‌ವೈಸರ್ ಸ್ಕ್ರೂ ಬಿಚ್ಚಲು ಶುರುಮಾಡಿದ್ದ. "ಇನ್ನೂ ಸಾಕ್ಷಿ ಮುಗೀಲಿಲ್ವಾ?"

"ಬೆಳಗ್ಗೆ ನಾನು ತಂದಿದ್ದು ತಪ್ಪು ಮಾಲು ಸಾಹೇಬ್ರೇ" ಎಂದಳು ಅತ್ತೆ, ಅಲ್ಲಿದ್ದ ಮೂವರು ಪಂಪಿನವರಿಗೂ ಕೇಳುವಂತೆ. "ರೇಡಿಯೋದ ತಿರುಪು ತಂದು ನಿಮ್ಮ ಯಂತ್ರದ ಮರ್ಯಾದೆ ತೆಗೆದೆ. ಈ ಸಲ ಕೈ ನೋಡ್ಬೇಡಿ, ಮೀಟರ್ ನೋಡಿ."

ಆ ಬಾಯಿಂದ ಅಂಥ ಮಾತು ಬಂದದ್ದನ್ನು ಸೊಸೆ ಹಿಂದೆಂದೂ ಕೇಳಿರಲಿಲ್ಲ.

ಅತ್ತೆ ಹೊಸ ತಿರುಪನ್ನು ಸಿಕ್ಕಿಸಿ, ಅದರ ನಡುವಿನ ಕಾಲಿಗೆ ಮೀಟರನ್ನೂ ಹಿಡಿದಳು. ತಿರುಪು ಕಾಲು ಭಾಗ ತಿರುಗಿತು. ಮೀಟರು ಎರಡೂವರೆ ವೋಲ್ಟಿಗೆ ಒಂಚೂರು ಕಮ್ಮಿ ತೋರಿಸಿತು, ಪರದೆ ಇಪ್ಪತ್ತೈದು. ಅರ್ಧಕ್ಕೆ ಬಂತು. ಪರದೆ ನಲವತ್ತೊಂಬತ್ತು.

"ಒಂದು ಕಮ್ಮಿ!" ಎಂದ ಸೂಪರ್‌ವೈಸರ್.

"ಮೀಟರೂ ನಾಲ್ಕು ಪಾಯಿಂಟ್ ಒಂಬತ್ತೇ ಹೇಳ್ತಿದೆ. ಆ ಒಂದನ್ನ ಕುಡಿದಿದ್ದು ನಿಮ್ಮ ಕಂಟ್ರೋಲರೇ, ಕುಡಿದು ಸುಳ್ಳೂ ಹೇಳ್ತಿಲ್ಲ. ಇದಕ್ಕಿಂತ ಪ್ರಾಮಾಣಿಕನ್ನ ಎಲ್ಲಿ ಹುಡುಕ್ತೀರಿ?"

ಪಂಪಿನವರು ಗೊಳ್ಳೆಂದರು. ಸೂಪರ್‌ವೈಸರ್ ತಾನೇ ಬಗ್ಗಿ ತಿರುಪು ಹಿಡಿದ. ಹತ್ತು, ಮೂವತ್ತು, ಎಂಬತ್ತು. ಎಲ್ಲಿ ನಿಲ್ಲಿಸಿದರೂ ಮೀಟರು ಹೇಳಿದ್ದನ್ನೇ ಪರದೆಯೂ ಹೇಳಿತು. ತೊಂಬತ್ತು ದಾಟಿದಾಗ ಪಂಪು ತಾನಾಗಿ ಗಕ್ಕನೆ ನಿಂತಿತು. ಅವನು ಗಲ್ಲ ಕೆರೆದುಕೊಂಡ.

"ಹಾಗಾದ್ರೆ ಮೇಲಿರೋದೇ ಕಳ್ಳ" ಎಂದ ಕೊನೆಗೆ, ಯಾರ ಮುಖವನ್ನೂ ನೋಡದೆ.

"ನಾನು ಒಂದು ವಾರದಿಂದ ಅದನ್ನೇ ಹೇಳ್ತಿದ್ದೀನಿ ಸಾರ್" ಎಂದಳು ಸೊಸೆ.

ಅವಳೇ ಟ್ಯಾಂಕಿನ ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದವನು ಸೂಪರ್‌ವೈಸರ್; ಬೇರೆಯವರು ಮುಂದೆ ಬಂದರೂ ಬಿಡಲಿಲ್ಲ. ಕೇಬಲ್ ಹಿಡಿದು ಸೆನ್ಸರನ್ನು ಮೇಲೆಳೆದಾಗ ಅದರ ಬಾಯಿಗೆ ಮುಷ್ಟಿಯಷ್ಟು ಕೆಸರು ಗಟ್ಟಿಯಾಗಿ ಮೆತ್ತಿತ್ತು. ಸೊಸೆ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇಳಿಯಮ್ಮ, ನಿಧಾನ" ಎಂದ ಸೂಪರ್‌ವೈಸರ್. "ಆ ಕಾಗದ ಹರಿದು ಹಾಕ್ತೀನಿ."

"ಹರಿಬೇಡಿ ಸಾರ್. ಅದರ ಕೆಳಗೇ ಇವತ್ತು ಆಗಿದ್ದನ್ನ ಬರೀರಿ, ನಾನೂ ರುಜು ಹಾಕ್ತೀನಿ" ಎಂದು ಮೇಲಿನಿಂದಲೇ ಹೇಳಿದಳು ಸೊಸೆ.

"ಬೆಳಗ್ಗಿನ ಹದಿಮೂರನ್ನೂ ಬರ್ಕೊಳ್ಳಿ" ಎಂದಳು ಅತ್ತೆ. "ಅದು ನನ್ನ ಲೆಕ್ಕಕ್ಕೆ."