ಕಾಕಾನ ಬಶಿ

ಮಾನ್ಯ ಗೆಳೆಯರೇ, ಇಂದು ಸಂಜೆ ಗದಗ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನನ್ನ ಹಕ್ಕೊಂದನ್ನು ಕಸಿದುಕೊಳ್ಳಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ.

ತಪ್ಪು ನಾರ್ವೆ ದೇಶದ್ದು. ನಲವತ್ತು ದಾಟಿದರೂ ಮದುವೆಯಾಗದ ನಮ್ಮ ಕಾಕಾನನ್ನು "ಫೈಟಿಂಗ್ ಪಿಕ್ಚರ್ ಐತಿ, ಬಾ" ಎಂದು ಪುಸಲಾಯಿಸಿ ಫಿಲ್ಮ್ ಕ್ಲಬ್ಬಿನವರ ನಾರ್ವೆ ಸಿನಿಮಾಕ್ಕೆ ಕರೆದೊಯ್ದಿದ್ದೆ. ಹುಲಕೋಟಿ ಬಸ್ಸಿನಲ್ಲಿ ಅವನಿಗೆ ದಿನಾ ಬರೀ ನಮಸ್ಕಾರ ಹೇಳುವ ಸುಮಂಗಲಾ ಟೀಚರಿಗೂ ಅದನ್ನೇ ಹೇಳಿ, ಪಕ್ಕದ ಕುರ್ಚಿ ಕೊಡಿಸಿದ್ದೆ. ಇಬ್ಬರೂ ಆಕಳಿಸುವುದನ್ನು ನೋಡಿ ನಗಬೇಕೆಂಬುದೊಂದೇ ನನ್ನ ಸದುದ್ದೇಶ. ಪರದೆಯ ಮೇಲಿನ ಗಂಡಸು ಹೆಂಗಸು ಬಹಳ ಹೊತ್ತು ಕಾಫಿ ಕುಡಿದರು, ಕಿಟಕಿಯಾಚೆ ಹಿಮ ನೋಡಿದರು, ಕೊನೆಗೊಮ್ಮೆ ಕೈ ಹಿಡಿದರು. ಇವರಿಬ್ಬರೂ ಆಕಳಿಸಲೇ ಇಲ್ಲ.

ಹೊರಗೆ ಬಂದು ಕಾಕಾ ಕೇಳಿದ, "ಚಹಾ ತಗೋತೀರೇನ್ರಿ?"

"ಅರ್ಧಾ ಸಾಕ್ರಿ," ಅಂದರು ಟೀಚರ್.

ನಮ್ಮಲ್ಲಿ ಒಂದು ಚಹಾ ಇಬ್ಬರಿಗೆ ಅಂದರೆ ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಬಶಿ, ಅಂದರೆ ಸಾಸರಿಗೆ ಸುರಿದ ಅರ್ಧ. ಸಣ್ಣವನಿದ್ದಾಗಿಂದ ಕಾಕಾನ ಬಶಿ ನನ್ನದು. ರೂಢಿಯಂತೆ ಕೈ ಚಾಚಿದೆ. ಕಾಕಾ ಕಪ್ಪನ್ನು ಅವರಿಗೆ ಕೊಟ್ಟು, ನನ್ನ ಬಶಿಯಲ್ಲಿ ತಾನೇ ಸೊರ್ರನೆ ಕುಡಿದ.

"ಕಾಕಾ, ನನಗ?"

"ಲೇ, ದೊಡ್ಡಾವ ಆಗೀ. ಒಂದು ಫುಲ್ ತಗೋ."

ಟೀಚರ್ ನಕ್ಕರು. "ಪಿಕ್ಚರ್ ಚಲೋ ಇತ್ತು ತಮ್ಮಾ. ಆದ್ರ ಫೈಟಿಂಗ್ ಬರಲೇ ಇಲ್ಲಲ್ಲ?"

"ಈಗ ಚಾಲೂ ಆಗೇತ್ರಿ ಮೇಡಂ," ಎಂದು ಹೇಳಿ, ಇಡೀ ಒಂದು ಕಪ್ ಚಹಾವನ್ನು ಒಬ್ಬನೇ ಕುಡಿದೆ.