ಅತ್ತೆ ಕೊಟ್ಟ ರಕ್ತ

ಬೆಳಿಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹೆಚ್ಚುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಡುಗೆಮನೆಯಲ್ಲಿರಲಿಲ್ಲ. ಮಾಲೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಅತ್ತೆಯ ಎದುರಿಗೆ ಕೂತಿದ್ದೆ. ಕೀಮೋ ನಡೆಯುತ್ತಿದ್ದಾಗ ಅವರಿಗೆ ರೈಲಿನ ಓಲಾಟಕ್ಕೇ ಹೊಟ್ಟೆ ತೊಳಸುತ್ತಿತ್ತು. ಸೆರಗಿನ ತುದಿಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಮೂಸುತ್ತಿದ್ದರು. ಇಟ್ಟಿಗೆ ಗೂಡುಗಳು ಹಿಂದೆ ಸರಿಯುವವರೆಗೂ ಮಾತಿಲ್ಲ. ಆಮೇಲೆ ಬೋಗಿಯಲ್ಲಿದ್ದ ಹೆಂಗಸರ ಸೀರೆಗಳ ವಿಮರ್ಶೆ ಶುರು.

ಅತ್ತೆಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆ ತಾನಾಗಿಯೇ ಪಾಳಿ ಹಾಕಿಕೊಂಡಿತು. ರಜೆ ಸಿಕ್ಕ ದಿನ ನನ್ನವರು, ಉಳಿದ ದಿನ ನಾನು. ಅತ್ತೆಯ ತಂಗಿ, ನಂಗಲಿಯ ಚಿಕ್ಕತ್ತೆ, ಸೊಪ್ಪು, ರಾಗಿಹಿಟ್ಟು ಹೊತ್ತು ಬಂದು ನಮ್ಮಲ್ಲೇ ಉಳಿದರು. ಬಾಯೆಲ್ಲ ಹುಣ್ಣಾಗಿ ಅನ್ನ ಅಗಿಯಲಾರದ ಅಕ್ಕನಿಗೆ ಮುದ್ದೆಯನ್ನು ಬಟಾಣಿಯಷ್ಟು ಮುರಿದು, ಖಾರವಿಲ್ಲದ ಸಾರಿನಲ್ಲಿ ಅದ್ದಿ ನುಂಗಿಸುತ್ತಿದ್ದರು. ನಮಗೂ ಅದೇ ಸಾರು. ನನ್ನವರು ಉಪ್ಪಿನಕಾಯಿ ಜಾಡಿಗೆ ಕೈಹಾಕಿದರೆ, "ಸಿಗ್ಗು ಲೇದಾ ನಿಂಗೆ? ಅಮ್ಮನ ಎದುರಿಗೇ ಖಾರ ತಿಂತೀಯಾ, ನಾಚಿಕೆಗೆಟ್ಟೋನೆ!" ಎಂದು ಚಿಕ್ಕತ್ತೆ ತೆಲುಗು ಬೆರೆಸಿ ಗದರುತ್ತಿದ್ದರು.

ಚಿಕ್ಕತ್ತೆಯೂ ಜೊತೆಗೆ ಬಂದಿದ್ದ ಒಂದು ದಿನ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮ ಪಕ್ಕ ಬಂದು ಕೂತರು. ಈ ಕಾಯಿಲೆ ಕುಟುಂಬಗಳಲ್ಲಿ ಹೇಗೆ ಇಳಿದು ಬರುತ್ತದೆಂದು ನೋಡುತ್ತಿದ್ದೇವೆ, ಅಮ್ಮನೂ ರಕ್ತಸಂಬಂಧಿಗಳೂ ಸ್ವಲ್ಪ ರಕ್ತ ಕೊಡುತ್ತೀರಾ ಎಂದರು. ಬೇಡವೆಂದರೆ ಚಿಕಿತ್ಸೆಗೆ ತೊಂದರೆಯಿಲ್ಲ. ಕೊಟ್ಟರೆ ಅತ್ತೆಗೆ ಲಾಭವೂ ಇಲ್ಲ, ಮುಂದಿನವರಿಗೆ ಆಗಬಹುದು.

ಮೊದಲು ವಂಶವೃಕ್ಷ ಬರೆಯಬೇಕಿತ್ತು. ಹೆಂಗಸಿಗೆ ಸೊನ್ನೆ, ಗಂಡಸಿಗೆ ಚೌಕ. ನಾನು ಪೇಷಂಟಿಗೆ ಏನಾಗಬೇಕೆಂದು ಕೇಳಿದರು. ಕಾನ್ವೆಂಟಿನ ಇಂಗ್ಲಿಷನ್ನು ಇಂಥ ದಿನಕ್ಕೆಂದೇ ಜೋಪಾನ ಮಾಡಿದ್ದ ನಾನು ಠೀವಿಯಿಂದ "ಡಾಟರ್ ಇನ್ ಲಾ" ಎಂದೆ. ಆಮೇಲೆ, ಇವರು ನಮ್ಮಪ್ಪನ ಅಕ್ಕನೂ ಹೌದು ಎಂದು ಸೇರಿಸಬೇಕಾಯಿತು. ನಾನು ಸೋದರತ್ತೆಯ ಮಗನನ್ನೇ ಮದುವೆಯಾದವಳು. ಅತ್ತೆಯೋ ಸ್ವಂತ ಸೋದರಮಾವನನ್ನೇ ಕಟ್ಟಿಕೊಂಡವರು. ಗೆರೆಗಳೆಲ್ಲ ಸುತ್ತಿ ಬಂದು ಹಳೆಯ ಸೊನ್ನೆಗಳಿಗೇ ತಗಲಿಕೊಂಡವು. ಡಾಕ್ಟರಮ್ಮ ರಬ್ಬರು ಹುಡುಕತೊಡಗಿದರು.

"ಯಾಕಮ್ಮಾ, ರಂಗೋಲಿ ಕೂಡ್ತಾ ಇಲ್ವಾ?" ಎಂದು ಅತ್ತೆ ನಕ್ಕ ರಭಸಕ್ಕೆ ತಲೆಗೆ ಕಟ್ಟಿದ್ದ ಸ್ಕಾರ್ಫು ಜಾರಿತು.

ಚಿಕ್ಕತ್ತೆ ನಗಲಿಲ್ಲ. ಅವರ ಮಗಳಿಗೆ ಆಗ ಗಂಡು ನೋಡುತ್ತಿದ್ದರು. "ನಾನು ಕೊಡಲ್ಲಕ್ಕಾ. ಇವರ ವಂಶದಲ್ಲೇ ಕಾಯಿಲೆ ಐತೆ ಅಂತ ಪುಕಾರಾದ್ರೆ ನನ್ನ ಮಗಳನ್ನ ಯಾರು ಮಾಡ್ಕೊಂತಾರೆ?"

"ನಾವು ಯಾರಿಗೂ ಹೆಸರು ಹೇಳಲ್ಲ," ಎಂದರು ಡಾಕ್ಟರಮ್ಮ.

"ನೀವು ಹೇಳಲ್ಲಮ್ಮಾ. ಅಲ್ಲಿ ಬೆಂಚಿನ ಮೇಲೆ ಕೂತವ್ರಲ್ಲ, ನಮ್ಮ ಕಡೆಯೋರು, ಅವರಿಗೆ ಬಾಯಿ ಇಲ್ವಾ?"

ಅತ್ತೆ ಒತ್ತಾಯ ಮಾಡಲಿಲ್ಲ. "ಬೇಡ ಬಿಡೇ. ಆದ್ರೆ ಹಿಂಗೂ ಆಗ್ಬೋದು ಅಂತ ನಂಗೆ ಯಾರಾದ್ರೂ ಮೊದ್ಲೇ ಹೇಳಿದ್ದಿದ್ರೆ, ಎದೇಲಿದ್ದ ಆ ಗಂಟನ್ನ ಅಷ್ಟು ದಿನ ಸೆರಗಿನೊಳಗೆ ಬಚ್ಚಿಟ್ಕೊಂತಿರ್ಲಿಲ್ಲ ಕಣೇ," ಎಂದು ಚುಚ್ಚಿ ಚುಚ್ಚಿ ಕಪ್ಪಾಗಿದ್ದ ಕೈಯನ್ನೇ ಮತ್ತೆ ಚಾಚಿದರು. ಅವರಾದ ಮೇಲೆ ನಾನು ಕೊಟ್ಟೆ. ಇಬ್ಬರ ತೋಳಿಗೂ ಹತ್ತಿ ಒತ್ತಿ ಹಿಡಿದವರು ಚಿಕ್ಕತ್ತೆಯೇ.

ಅತ್ತೆ ಹೋಗಿ ವರ್ಷಗಳಾದವು. ಚಿಕ್ಕತ್ತೆಯ ಮಗಳಿಗೆ ಮದುವೆಯಾಗಿ ಮಕ್ಕಳೂ ಆದವು. ಅವರ ಅಂಜಿಕೆ ನೆನಪಾದಾಗಲೆಲ್ಲ, ಓದಿದವಳೆಂಬ ಸಣ್ಣ ಹಮ್ಮಿನಿಂದ ನನ್ನಷ್ಟಕ್ಕೆ ನಗುತ್ತಿದ್ದೆ.

ಇದೆಲ್ಲ ಇವತ್ತು ಇಷ್ಟು ಹತ್ತಿರ ಬಂದದ್ದು ಬರೀ ನಿಂಬೆಯಿಂದಲ್ಲ. ನಿನ್ನೆ ಸಂಜೆ ಅದೇ ಡಾಕ್ಟರಮ್ಮನ ಫೋನು ಬಂದಿತ್ತು. ಆ ಸಂಶೋಧನೆ ಇನ್ನೂ ನಡೆದಿದೆಯಂತೆ. ಆ ವಂಶವೃಕ್ಷದಲ್ಲಿ ಪುಟ್ಟ ಸೊನ್ನೆಯಾಗಿದ್ದ ನಿಮ್ಮ ಮಗಳಿಗೆ ಈಗ ಹದಿನೆಂಟು ತುಂಬಿರಬೇಕಲ್ಲ, ಇಷ್ಟವಿದ್ದರೆ ಬರಬಹುದಾ ಎಂದರು. "ಮದುವೆ ಒಂದು ಆಗಲಿ" ಎಂಬ ಮಾತು, ಚಿಕ್ಕತ್ತೆಯದೇ ದನಿಯಲ್ಲಿ, ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು. ನಗು ಬರಲಿಲ್ಲ.

"ಯಾರಮ್ಮಾ ಅದು?" ಎಂದು ಮಗಳು ಹತ್ತಿರ ಬಂದಳು.

"ನಿನಗೇ ಕಣೇ," ಎಂದು ಫೋನು ಅವಳ ಕೈಗೆ ಕೊಟ್ಟುಬಿಟ್ಟೆ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನತ್ತ ಬೆನ್ನು ತಿರುಗಿಸಿ ಹೇಳಿದಳು: "ಬರ್ತೀನಿ ಮೇಡಂ. ಆದ್ರೆ ಏನೇ ಗೊತ್ತಾದ್ರೂ ಮೊದ್ಲು ನಂಗೆ ಹೇಳ್ಬೇಕು. ಅಮ್ಮಂಗೆ ನಾನೇ ಹೇಳ್ತೀನಿ, ಅವರು ಹೆದರ್ಕೋತಾರೆ."