ಸೈಕಲ್ ಟ್ಯೂಬಿನ ಪಟ್ಟಿ

ಆ ರೇಸು ನಿಂತು ಬಹಳ ವರ್ಷಗಳಾದವು. ಹಾಗೊಂದು ಇತ್ತು ಎಂದರೆ ಕೂಡ್ಲಿಗಿಯಲ್ಲಿ ಇಂದು ಯಾರೂ ನಂಬುವುದಿಲ್ಲ. ನನಗೆ ಮಾತ್ರ ಈಗಲೂ ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಇಳಿಯಬೇಕಾದ ಕಡೆ ಇಳಿಯದಿದ್ದರೆ ಕೆಲಸ ಸಾಗುವುದಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕಾಯುತ್ತೇನೆ.

ತೊಂಬತ್ತರ ದಶಕದ ಕೊನೆಗೆ ಶುರುವಾದ ರೇಸು ಅದು. ಹದಿಹರೆಯದ ಮಕ್ಕಳಿಗೆಂದೇ ಮಾಡಿದ್ದು. ಒಬ್ಬರೇ ಕೂರುವ, ಮೇಲೆ ಚಾವಣಿಯಿಲ್ಲದ ಪುಟ್ಟ ಕಾರು. ಎಂಜಿನ್ ಸೀಟಿನ ಹಿಂದೆ. ಎಲ್ಲರಿಗೂ ಒಂದೇ ನಮೂನೆಯ ಕಾರು, ಗೆಲ್ಲುವುದು ಓಡಿಸುವವರ ತಾಕತ್ತು. ವರ್ಷಕ್ಕೆ ನಾಲ್ಕೈದು ಸಲ ತಮಿಳುನಾಡಿನ ಕಡೆ ನಡೆಯುತ್ತಿತ್ತು. ಕೊಟ್ಟೂರಿನ ಎಣ್ಣೆಮಿಲ್ಲಿನ ಸಾಹುಕಾರರಿಗೆ ಕಾರಿನ ಹುಚ್ಚು. ಮಗಳಿಗೆ ಹದಿನಾರು ತುಂಬಿದ್ದೇ ತಡ, ಅಂಥದೊಂದು ಕಾರು ತಂದರು. ಅದನ್ನು ನೋಡಿಕೊಳ್ಳುವ ಕೆಲಸ ಕೂಡ್ಲಿಗಿಯ ನನ್ನ ಗ್ಯಾರೇಜಿಗೆ ಬಂತು. ಅಲ್ಲಿಯತನಕ ನಾನು ಲಾರಿ, ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಬಿಚ್ಚಿದವನಲ್ಲ. ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಹುಡುಗಿ ಚೆನ್ನಾಗಿ ಓಡಿಸುತ್ತಿದ್ದಳು. ಎರಡನೇ ವರ್ಷ ಕೊನೆಯ ರೇಸೊಂದು ಬಾಕಿಯಿದ್ದಾಗ ಎಲ್ಲರಿಗಿಂತ ಮುಂದಿದ್ದವಳು ಅವಳೇ. ಆ ವಾರವೇ ಆಕ್ಸಿಲರೇಟರಿನ ಸ್ಪ್ರಿಂಗ್ ಮುರಿಯಿತು. ಕಾಲು ತೆಗೆದಾಗ ಎಂಜಿನ್ನಿನ ವೇಗವನ್ನು ಹಿಂದಕ್ಕೆಳೆಯುವುದು ಆ ಸ್ಪ್ರಿಂಗೇ. ಹೊಸದು ಕೊಯಮತ್ತೂರಿನಿಂದ ಬರಬೇಕು. ನಮ್ಮ ಕಡೆ ಸ್ಪ್ರಿಂಗ್ ಹೋದರೆ ಯಾರೂ ಕಾಯುವುದಿಲ್ಲ. ಹಳೆಯ ಸೈಕಲ್ ಟ್ಯೂಬು ಕೊಯ್ದು, ಪಟ್ಟಿ ಮಾಡಿ, ಎಳೆದು ಕಟ್ಟುತ್ತೇವೆ. ಲೂನಾಕ್ಕೂ ಅದೇ, ಲಾರಿಗೂ ಅದೇ. ನಾನೂ ಕಟ್ಟಿದೆ. ಯಾರಿಗೂ ಹೇಳಲಿಲ್ಲ.

ಕಾನಹೊಸಹಳ್ಳಿ ದಾಟಿದ ಮೇಲೆ ಒಂದು ತಿರುವು ನೇರ ಮಾಡಲು ಹೊಸದಾಗಿ ಡಾಂಬರು ಹಾಕಿದ್ದರು. ಇನ್ನೂ ಗಾಡಿ ಬಿಟ್ಟಿರಲಿಲ್ಲ, ಏಕೆಂದರೆ ಅದರ ಕೊನೆಯಲ್ಲಿ ಹಳ್ಳದ ಮೇಲಿನ ಸೇತುವೆ ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಕಾರನ್ನು ಅಲ್ಲಿಗೆ ಒಯ್ದೆವು. ಹಳ್ಳಕ್ಕಿಂತ ಬಹಳ ಮೊದಲೇ ಒಂದು ಕಲ್ಲಿಗೆ ಸುಣ್ಣ ಬಳಿದಿದ್ದೆ. ಅಲ್ಲಿ ಅವಳು ಕಾಲು ತೆಗೆದು, ಬ್ರೇಕ್ ಹಾಕಿ, ತಿರುಗಿ ಬರಬೇಕು.

ಮೊದಲ ಸಲ ಸರಿಯಾಗಿ ಹೋಗಿ ಬಂದಳು. ಎರಡನೇ ಸಲಕ್ಕೆ ಹೊರಟಾಗ ಸೈಲೆನ್ಸರ್ ಪೈಪಿನ ಬಿಸಿ ನನ್ನ ಕಾಲಿಗೆ ತಾಗಿತು. ಆಗಲೇ ನನಗೆ ಹೊಳೆದದ್ದು: ಲಾರಿಯಲ್ಲಿ ಸೈಲೆನ್ಸರ್ ಎಲ್ಲೋ ಕೆಳಗಿರುತ್ತದೆ. ಇಲ್ಲಿ ನನ್ನ ಟ್ಯೂಬಿನ ಪಟ್ಟಿಗೂ ಕಾದ ಪೈಪಿಗೂ ನಡುವೆ ನಾಲ್ಕು ಬೆರಳಿನ ಜಾಗವೂ ಇಲ್ಲ. ಪಟ್ಟಿ ಕರಗಿದರೆ ಅವಳು ಕಾಲು ತೆಗೆದರೂ ವೇಗ ಇಳಿಯುವುದಿಲ್ಲ.

ಅವಳಿನ್ನೂ ಇಪ್ಪತ್ತು ಮಾರು ಹೋಗಿರಲಿಲ್ಲ. ಕೈ ಬೀಸಿದ್ದರೆ ಅವಳಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

"ಯಾಕೋ, ಮಾರಿ ಹಿಂಗ್ಯಾಕ ಆಗೈತಿ?" ಎಂದರು ಪಕ್ಕದಲ್ಲಿದ್ದ ಸಾಹುಕಾರರು, ನನ್ನ ಮುಖ ನೋಡಿ.

"ಏನಿಲ್ರಿ," ಎಂದೆ.

ಅವರಿಗೆ ಹೆದರಿ ಹಾಗೆಂದೆ. ಗ್ಯಾರೇಜಿನ ಜಾಗ ಅವರದೇ. ಆ ಹೆದರಿಕೆ ಎರಡು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ, ಅದಕ್ಕಿಂತ ದೊಡ್ಡದು ಬಂತು. ಕಾರು ಸಣ್ಣದಾಗುತ್ತಾ ಹೋಯಿತು. ಸುಣ್ಣದ ಕಲ್ಲು ಬಂತು. ಸದ್ದು ಇಳಿಯಲಿಲ್ಲ. ಇಳಿ, ಇಳಿ ಎಂದು ಸದ್ದಿಗೇ ಬೇಡಿಕೊಂಡೆ. ಅದು ಇನ್ನೂ ಏರಿತು. ಆಮೇಲೆ ಒಮ್ಮೆಲೇ ಏನೂ ಕೇಳಿಸಲಿಲ್ಲ, ದೂಳು ಮಾತ್ರ ಎದ್ದಿತು.

ಹೇಗೆ ಓಡಿದೆನೋ ಗೊತ್ತಿಲ್ಲ. ಕಾರು ಬಳ್ಳಾರಿ ಜಾಲಿಯ ಪೊದೆಗೆ ನುಗ್ಗಿ ನಿಂತಿತ್ತು. ಹಳ್ಳ ಅಲ್ಲಿಂದ ಹತ್ತು ಹೆಜ್ಜೆ. ಸ್ವಿಚ್ ಆಫ್ ಮಾಡಿ ಅವಳೇ ಕಾರನ್ನು ಮುಳ್ಳಿನೊಳಗೆ ತಿರುಗಿಸಿದ್ದಳು. ತೋಳಿನ ತುಂಬ ಗೀರು. ಇಳಿದವಳೇ ಎಂಜಿನ್ ಕಡೆ ಬಗ್ಗಿ ನೋಡಿದಳು. ಕರಗಿ ಅಂಟಿಕೊಂಡಿದ್ದ ರಬ್ಬರನ್ನು ಕಿತ್ತು ಗ್ಲೌಸಿನೊಳಗೆ ತುರುಕಿದಳು. ಅವಳಪ್ಪ ಪಂಚೆ ಎತ್ತಿಕೊಂಡು ಓಡಿ ಬರುತ್ತಿದ್ದರು.

"ಕಾಕಾ, ನೀವು ಸುಮ್ನಿರ್ರಿ," ಎಂದಳು ನನಗೆ, ಮೆಲ್ಲಗೆ. ಅಪ್ಪನಿಗೆ, "ನಂದ ತಪ್ಪು ಅಪ್ಪಾಜಿ. ಕಾಲು ತೆಗಿಯಾದು ತಡ ಮಾಡಿದೆ," ಎಂದಳು.

ಸಾಹುಕಾರರು ಬೈಯಲಿಲ್ಲ. ಮಗಳ ಎರಡೂ ಕೈ ಹಿಡಿದುಕೊಂಡು ರಸ್ತೆಯ ಮೇಲೆ ಕೂತುಬಿಟ್ಟರು. "ಸಾಕವ್ವಾ. ಇನ್ನ ಈ ಗಾಡಿ ಮುಟ್ಟಬ್ಯಾಡ," ಎಂದರು. ಅವಳು ನನ್ನ ಕಡೆ ನೋಡಿದಳು. ಈಗಲಾದರೂ ನಾನು ಬಾಯಿ ಬಿಟ್ಟೇನು ಅಂದುಕೊಂಡಿದ್ದಳೋ ಏನೋ. ನಾನು ಮುಳ್ಳು ಬಿಡಿಸುವವನಂತೆ ತಲೆ ತಗ್ಗಿಸಿದೆ.

ಕೊನೆಯ ರೇಸಿಗೆ ಅವಳು ಹೋಗಲಿಲ್ಲ. ಕಾರು ಮಾರಿದರು. ಹೊಸ ಸ್ಪ್ರಿಂಗಿನ ಪಾರ್ಸೆಲ್ ಬಂದಾಗ ಅದನ್ನು ಹಾಕಲು ಗಾಡಿಯೇ ಇರಲಿಲ್ಲ.

ಮುಂದೆ ದುಡ್ಡು ಹಾಕುವ ಕಂಪನಿ ಕೈಬಿಟ್ಟಿತಂತೆ, ಆ ರೇಸೂ ಮುಚ್ಚಿತು. ಸುದ್ದಿ ತಂದವರು ಸಾಹುಕಾರರೇ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾ, "ನೋಡು, ಅದ ಮುಚ್ಚಿ ಹೋತು. ನಮ್ಮ ಹುಡುಗಿ ಕಳಕೊಂಡಿದ್ದರ ಏನು?" ಎಂದರು. ಅವರ ಮುಖದಿಂದ ಎಷ್ಟೋ ದಿನದ ಭಾರ ಇಳಿದಂತಿತ್ತು.

"ಏನಿಲ್ರಿ," ಎಂದೆ, ಎರಡನೇ ಸಲ.

ಅದು ಮುಚ್ಚಿದ್ದು ಅವಳು ಬಿಟ್ಟ ಎರಡು ವರ್ಷದ ಮೇಲೆ. ಆ ಎರಡು ವರ್ಷ ಅವಳದಾಗಬೇಕಿತ್ತು.